ಗಾರ್ಡ್ ಬಿಚ್ಚಿದ ಧೀರರು

ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ಹೇಳುವ ಕಥೆ ಎಲ್ಲರಿಗೂ ಗೊತ್ತು. ಕಲ್ಲಿನಲ್ಲಿ ಕಪ್ಪೆ ಸಿಕ್ಕಿತು, ಪಂತ ಸೋತ ಶಿಲ್ಪಿ ಜಕಣಾಚಾರಿ ಬಲಗೈ ಕಡಿದುಕೊಂಡ. ಒಂದು ಕೈ ಹೋಗಲು ಎಷ್ಟೆಲ್ಲ ಏರ್ಪಾಡು ಬೇಕಾಯಿತು ನೋಡಿ: ದೋಷದ ಕಲ್ಲು, ಪಂತ, ಸಾಲದ್ದಕ್ಕೆ ಆ ದೋಷ ತೋರಿಸಿದ, ಗುರುತು ಸಿಗದ ಮಗ. ಅರಸೀಕೆರೆಯಿಂದ ಹಳೇಬೀಡಿನವರೆಗೆ ಶೆಡ್ಡುಗಳಲ್ಲಿ ಬಾಗಿಲು, ಕಿಟಕಿ ಮಾಡುವ ನಮ್ಮ ಮೇಸ್ತ್ರಿಗಳಿಗೆ ಇಷ್ಟು ಸಡಗರ ಬೇಕಿಲ್ಲ. ನಾಲ್ಕಿಂಚಿನ ಗ್ರೈಂಡರ್ ಒಂದಿದ್ದರೆ ಸಾಕು.

ಮಷೀನ್ ಡಬ್ಬಿಯಿಂದ ಹೊರಬಂದೊಡನೆ ಮೊದಲು ಗಾರ್ಡಿಗೆ ಮುಕ್ತಿ. ಸ್ಕ್ರೂ ಸಡಿಲಿಸಿ, ಕಳಚಿ, ಮೂಲೆಗೆಸೆಯುವ ಆ ಕೈಚಳಕವನ್ನು ಕಣ್ಣಾರೆ ನೋಡಬೇಕು. ‘ಅಡ್ಡ ಬರುತ್ತೆ ಸಾರ್’ ಎನ್ನುತ್ತಾರೆ. ನಿಜ, ಬೆರಳಿಗೂ ಬ್ಲೇಡಿಗೂ ಅಡ್ಡ ಬರುವುದೇ ಅದರ ಕಸುಬು. ಆಮೇಲೆ, ಕಬ್ಬಿಣ ಉಜ್ಜಲೆಂದು ಮಾಡಿದ, ನಿಮಿಷಕ್ಕೆ ಸುಮಾರು 11,000 ಸುತ್ತು ಹೊಡೆಯುವ ಆ ಯಂತ್ರಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡು. ಹಾಗೆ ಮಾಡಬೇಡಿ ಎಂದು ತಯಾರಕರು ಪುಸ್ತಕದಲ್ಲಿ ಬರೆದಿರುತ್ತಾರೆ. ಪಾಪ, ಅವರು ನಮ್ಮ ಹಲಸಿನ ಗಂಟು ಕಂಡವರಲ್ಲ. ಹಲ್ಲು ಗಂಟಿಗೆ ಸಿಕ್ಕಿದರೆ ಮಷೀನ್ ಎಗರಿ ಒದೆಯುತ್ತದೆ, ಒದೆತ ತೊಡೆಗೋ ಕುತ್ತಿಗೆಗೋ. ಅಂಥ ಹೊತ್ತಿನಲ್ಲಿ ಎರಡೂ ಕೈಯಲ್ಲಿ ಹಿಡಿದಿದ್ದರೆ ಗಂಡಸುತನಕ್ಕೆ ಏನು ಬೆಲೆ ಬಂತು? ಅದಕ್ಕೇ ಒಂದು ಕೈಲಿ ಮಷೀನ್, ಇನ್ನೊಂದರಲ್ಲಿ ಹಲಗೆ, ಹಲಗೆಯ ಮೇಲೆ ಹವಾಯಿ ಚಪ್ಪಲಿಯ ಕಾಲು. ಕ್ಲಾಂಪಿನ ಖರ್ಚು ಉಳಿಯಿತು. ಇನ್ನೂ ಮುಂದಾಲೋಚನೆ ಇದ್ದವರು ನೂಲಿನ ಗ್ಲೌಸ್ ತೊಡುತ್ತಾರೆ. ಬ್ಲೇಡು ನೂಲಿನ ಎಳೆ ಹಿಡಿಯಿತೆಂದರೆ ಬೆರಳನ್ನು ತಾನೇ ಕರೆದೊಯ್ಯುತ್ತದೆ.

ಸರ್ಕಾರವೂ ಇವರನ್ನು ಮರೆಯಲಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆ ಬೆರಳು ಬೆರಳಿಗೂ ಲೆಕ್ಕ ಬರೆದಿಟ್ಟಿತು: ಹೆಬ್ಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿ ಶೇ 30 ನಷ್ಟ, ತೋರುಬೆರಳಿಗೆ 14, ಕಿರುಬೆರಳಿಗೆ 7. ಅರಸೀಕೆರೆ ಮಾರ್ಕೆಟಿನಲ್ಲಿ ಕೊಬ್ಬರಿ ದರ ಏರುತ್ತದೆ, ಇಳಿಯುತ್ತದೆ. ಬೆರಳಿನ ಲೆಕ್ಕದಲ್ಲಿ ಅಂಥ ಚಂಚಲತೆ ಇಲ್ಲ.

ಆ ಕಡಿದ ಕೈಯ ಕಥೆಗೆ ಇತಿಹಾಸ ಬಲ್ಲವರದು ಮಾತ್ರ ಒಂದು ತಕರಾರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯನ್ನು ಜಕಣಾಚಾರಿ ಕಟ್ಟಿದನೆಂದು ಹೇಳುವ ಶಾಸನವೇ ಸಿಕ್ಕಿಲ್ಲವಂತೆ. ಅಲ್ಲಿ ಹೆಸರು ಕೆತ್ತಿ ಹೋದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನಂಥವರು. ಅವರು ಕೈ ಕಡಿದುಕೊಂಡ ಸುದ್ದಿ ಎಲ್ಲೂ ಇಲ್ಲ. ಅಂಥವರ ಕಥೆ ಯಾರಿಗೆ ಬೇಕು?

ಹೊಸ ಮಷೀನ್ ಕೊಂಡವರಲ್ಲಿ ಒಂದು ವಿನಂತಿ: ಬಿಚ್ಚಿದ ಗಾರ್ಡನ್ನು ಗುಜರಿಗೆ ಹಾಕಬೇಡಿ. ಪರಿಹಾರದ ಅರ್ಜಿ ಹಾಕಿದ ದಿನ ಎದುರು ವಕೀಲರು ಮೊದಲು ಕೇಳುವುದು ಅದನ್ನೇ.