ಎಲ್ಲಾ ಅರ್ತಿಂಗ್ ಪ್ರಾಬ್ಲಮ್ಮು ಸಾ

ಯಳಂದೂರಿನ ಸುತ್ತ ಇನ್ನೂ ಅಂಬಾಸಿಡರ್ ಸಾಕಿಕೊಂಡಿರುವ ಮನೆತನಗಳಿಗೆಲ್ಲ ಒಬ್ಬೊಬ್ಬ ಆಟೋ ಎಲೆಕ್ಟ್ರಿಷಿಯನ್ ಇರುತ್ತಾನೆ. ಈ ಜನ ಡಾಕ್ಟರನ್ನು ಬದಲಾಯಿಸುತ್ತಾರೆ, ಪಾರ್ಟಿ ಬದಲಾಯಿಸುತ್ತಾರೆ, ಇವನನ್ನು ಮಾತ್ರ ಬಿಡುವುದಿಲ್ಲ. ಬಿಡುವಂತೆಯೂ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಇವನು ವರ್ಷಾನುಗಟ್ಟಲೆ ಮಾಡಿಟ್ಟಿರುವ ಕೆಲಸ ಇನ್ನೊಬ್ಬನ ತಲೆಗೆ ಹತ್ತುವ ಜಾತಿಯದಲ್ಲ.

ಅಂಗಡಿ ಎಂದರೆ ತಗಡಿನ ಸೂರು, ಒಂದು ಬ್ಯಾಟರಿ ಚಾರ್ಜರು, ಮೊಳೆಗೆ ನೇತುಹಾಕಿದ ಸತ್ತ ಹಾರ್ನುಗಳು, ಅವುಗಳ ಮೇಲೆ ಬಿಳಿಗಿರಿರಂಗನ ಫೋಟೋ. ಮೀಟರು ಗೀಟರು ಏನೂ ಇಲ್ಲ. ಹಳೇ ಇಂಡಿಕೇಟರಿನ ಬಲ್ಬ್ ಹೋಲ್ಡರಿಗೆ ಎರಡು ವೈರು ಬೆಸೆದು, ಒಂದರ ತುದಿಗೆ ಹೊಲಿಗೆ ಸೂಜಿ ಸಿಕ್ಕಿಸಿ ಮಾಡಿಕೊಂಡ ಟೆಸ್ಟ್ ಲ್ಯಾಂಪೇ ಸರ್ವಸ್ವ. ಸೂಜಿಯನ್ನು ವೈರಿನ ಮೈಗೆ ಚುಚ್ಚುತ್ತಾನೆ. ಬಲ್ಬು ಉರಿದರೆ ಕರೆಂಟು ಬಂದಿದೆ. ಉರಿಯದಿದ್ದರೆ ಬಲ್ಬೇ ಹೋಗಿರಬಹುದು ಎಂದು ಬ್ಯಾಟರಿಗೆ ಮುಟ್ಟಿಸಿ ನೋಡುತ್ತಾನೆ. ವೈರಿನ ಸಿಪ್ಪೆ ಸುಲಿಯಲು ದೇವರು ಕೊಟ್ಟ ಮುಂಬಲ್ಲುಗಳಿವೆ.

ಗಾಡಿ ಬಂದು ನಿಂತರೆ ಏನು ತೊಂದರೆ ಎಂದು ಕೇಳುವ ಪದ್ಧತಿ ಇವನಲ್ಲಿಲ್ಲ. ‘ಮೊದ್ಲು ಯಾರ್ ಮುಟ್ಟಿದ್ರು?’ ಎನ್ನುತ್ತಾನೆ.

ಮಾಲೀಕರು, ಸಾಮಾನ್ಯವಾಗಿ ಒಬ್ಬ ನಿವೃತ್ತ ಮೇಷ್ಟ್ರು, ಯಾರೂ ಮುಟ್ಟಿಲ್ಲಪ್ಪಾ ಎಂದು ಆಣೆ ಮಾಡಿ ಸಂಕೋಚದಿಂದಲೇ ವಿವರಿಸುತ್ತಾರೆ: ಎಡಗಡೆ ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ತಾಳ ಹಾಕುತ್ತದೆ. ಟಿಕ್ ಎಂದಾಗ ಅರ್ಧ ಟ್ಯಾಂಕು, ಟಕ್ ಎಂದಾಗ ಖಾಲಿ.

‘ಅರ್ತಿಂಗ್ ಕನಾ ಸಾ.’

ಹಾರ್ನು ಕೂಗದಿದ್ದರೂ ಅರ್ತಿಂಗ್, ನಡುರಾತ್ರಿ ತಾನಾಗೇ ಕೂಗಿಕೊಂಡರೂ ಅರ್ತಿಂಗ್. ನಗುವಂತಿಲ್ಲ, ಬಹುಪಾಲು ಅವನ ಮಾತೇ ನಿಜವಾಗುತ್ತದೆ. ಕಾರಿನಲ್ಲಿ ಕರೆಂಟು ಹೋಗುವುದಕ್ಕಷ್ಟೇ ವೈರು, ಬ್ಯಾಟರಿಗೆ ವಾಪಸ್ಸು ಬರುವುದು ಬಾಡಿಯ ತಗಡಿನ ಮೂಲಕ. ಆ ತಗಡಿಗೂ ವೈರಿಗೂ ನಂಟು ಕೂಡಿಸಿರುವ ಒಂದು ಸ್ಕ್ರೂ ತುಕ್ಕು ಹಿಡಿದರೆ ಸಾಕು, ಇಂಡಿಕೇಟರಿನ ಕರೆಂಟು ಬೇರೆ ದಾರಿ ಹುಡುಕಿಕೊಂಡು ಪೆಟ್ರೋಲ್ ಮೀಟರಿನ ಮನೆಗೆ ನುಗ್ಗುತ್ತದೆ. ಹಾರ್ನಿನ ಗುಂಡಿ ಮಾಡುವ ಕೆಲಸವೂ ಇಷ್ಟೇ, ಒಂದು ವೈರನ್ನು ಬಾಡಿಗೆ ತಾಗಿಸುವುದು. ಸ್ಟಿಯರಿಂಗಿನೊಳಗೆ ಆ ವೈರು ಸವೆದು ತಾನೇ ತಾಗಿಕೊಂಡರೆ ಬೀದಿಯವರೆಲ್ಲ ಎದ್ದು ಕೂರಬೇಕು. ಕೊಳ್ಳೇಗಾಲ ದಾಟಿದರೆ ಸಿಗುವ ಶಿವನಸಮುದ್ರದಿಂದ 1902ರಷ್ಟು ಹಿಂದೆಯೇ ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿ ತಲುಪಿತು. ಅದೇ ಸೀಮೆಯಲ್ಲಿ ಇವತ್ತು ಬಾನೆಟ್ಟಿನಡಿಯ ಬ್ಯಾಟರಿಯಿಂದ ಹಿಂದಿನ ಬ್ರೇಕ್ ಲೈಟಿಗೆ, ನಾಲ್ಕು ಮೀಟರು, ತಲುಪುತ್ತಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ವಾಚು ಬಿಚ್ಚಿ ಗೇರ್ ಲಿವರಿಗೆ ನೇತುಹಾಕುತ್ತಾನೆ, ಉಂಗುರವನ್ನು ಚೋಕಿನ ಗುಂಡಿಗೆ ತೊಡಿಸುತ್ತಾನೆ. ಜೀವಂತ ವೈರಿಗೂ ತಗಡಿಗೂ ನಡುವೆ ಉಂಗುರ ಸಿಕ್ಕಿದರೆ ಬೆರಳು ಸುಟ್ಟು ಹೋಗುತ್ತದೆ, ಅಷ್ಟು ಎಚ್ಚರ ಉಂಟು. ಬ್ಯಾಟರಿಯ ಟರ್ಮಿನಲ್ಲನ್ನೇ ಬಿಚ್ಚಿಬಿಡಬಹುದಲ್ಲ ಎಂದರೆ, ‘ಕಿಡಿ ಹಾರ್ದಿದ್ರೆ ಶಾರ್ಟ್ ಎಲ್ಲದ ಅಂತ ಹೆಂಗ್ ಗೊತ್ತಾಗದು?’ ಆಮೇಲೆ ಮುಂದಿನ ಉದ್ದ ಸೀಟಿನ ಮೇಲೆ ಅಂಗಾತ ಬಿದ್ದು, ಕಾಲೆರಡನ್ನೂ ಸೀಟಿನ ಬೆನ್ನ ಮೇಲೆ ಎಸೆದು, ತಲೆಕೆಳಗಾಗಿ ಜಾರಿ ಪೆಡಲುಗಳ ನಡುವೆ ಮಾಯವಾಗುತ್ತಾನೆ. ಅಲ್ಲಿಂದ ಮುಂದೆ ಊರಿನ ವ್ಯವಹಾರವೆಲ್ಲ ಅವನ ಪಾದಗಳೊಂದಿಗೆ. ‘ಅಣ್ಣೋ, ಟ್ರ್ಯಾಕ್ಟರ್ ಸೆಲ್ಫ್ ಹೊಡೀತಿಲ್ಲ’ ಎಂದು ಯಾರಾದರೂ ಬಂದರೆ ಎಡಗಾಲಿನ ಹೆಬ್ಬೆರಳು ಅಲ್ಲಾಡುತ್ತದೆ. ಕಾಯಬೇಕು ಎಂದು ಅರ್ಥ. ಹಳೇ ಗಿರಾಕಿಗಳಿಗೆ ಈ ಭಾಷೆ ಗೊತ್ತು, ಬೀಡಿ ಹಚ್ಚಿಕೊಂಡು ಕಲ್ಲಿನ ಮೇಲೆ ಕೂರುತ್ತಾರೆ.

ಟಾರ್ಚು ಹಿಡಿಯುವುದು ಮೇಷ್ಟ್ರ ಪಾಲಿಗೆ. ಮೂವತ್ತು ವರ್ಷ ಮಕ್ಕಳನ್ನು ಬೈದವರು ಈಗ ಬೈಸಿಕೊಳ್ಳುವ ಹೊತ್ತು.

‘ಮೇಷ್ಟ್ರೇ, ಬೆಳಕು ಇತ್ಲಾಗೆ. ಅತ್ಲಾಗಲ್ಲ. ನನ್ ಕಣ್ಗಲ್ಲ ಸಾ, ವೈರಿಗೆ!’

ಬಾಯಲ್ಲಿ ಎರಡು ಸ್ಕ್ರೂ ಇರುವುದರಿಂದ ಮಾತೆಲ್ಲ ಮೂಗಿನಲ್ಲಿ ಬರುತ್ತದೆ. ಮೇಷ್ಟ್ರು ಬಗ್ಗಿ ನೋಡಿದರೆ ಕಾಣುವುದು ಕಲಸಿಹೋದ ಒತ್ತುಶಾವಿಗೆ. ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕಾಲದ ಇಂಗ್ಲಿಷರು ಇದಕ್ಕೊಂದು ಶಿಸ್ತು ಮಾಡಿದ್ದರು. ಕಂದು ವೈರೆಂದರೆ ಬ್ಯಾಟರಿಯಿಂದ ನೇರ, ಬಿಳಿ ಕೀಲಿ ತಿರುಗಿಸಿದ ಮೇಲೆ, ಹಸಿರು ಫ್ಯೂಸು ದಾಟಿದ್ದು, ಕಪ್ಪು ಅರ್ತ್. ವೈಪರು, ಬ್ರೇಕ್ ಲೈಟು, ಇಂಡಿಕೇಟರು, ಪೆಟ್ರೋಲ್ ಮೀಟರು ನಾಲ್ಕೂ ಆ ಒಂದೇ ಹಸಿರಿನ ಒಕ್ಕಲು. ಅಷ್ಟು ಶಿಸ್ತು ಮಾಡಿಯೂ ಆ ಕಾರುಗಳ ಲೂಕಾಸ್ ಕಂಪನಿಯ ಲೈಟುಗಳು ನಡುದಾರಿಯಲ್ಲಿ ಆರುತ್ತಿದ್ದವೆಂದು ಅಲ್ಲಿನ ಹಳೇ ಕಾರಿನವರು ಜೋಸೆಫ್ ಲೂಕಾಸನಿಗೆ ‘ಕತ್ತಲೆಯ ರಾಜಕುಮಾರ’ ಎಂದು ಬಿರುದು ಕೊಟ್ಟರು. ನಮ್ಮವನು ಬಣ್ಣದ ಜಂಜಾಟವನ್ನೇ ತೆಗೆದುಹಾಕಿದ್ದಾನೆ. ಅಂಗಡಿಯಲ್ಲಿ ಯಾವ ರೋಲ್ ಇರುತ್ತದೋ ಆ ಬಣ್ಣ. ಸದ್ಯಕ್ಕೆ ಎಲ್ಲವೂ ಕೆಂಪು.

ಒಳಗಿನಿಂದ ಇದ್ದಕ್ಕಿದ್ದಂತೆ ಉಗಿತ ಶುರುವಾಗುತ್ತದೆ. ‘ಯಾವನ್ ಸಾ ಇದು ಜಾಯಿಂಟ್ ಮಾಡಿರೋನು? ಮನುಸ್ನಾ ಇವ್ನು? ಫ್ಯೂಸ್ಗೆ ಸಿಗರೇಟ್ ಪ್ಯಾಕಿನ್ ಬೇಗ್ಡೆ ಸುತ್ತವ್ನಲ್ಲ! ಗಾಡಿ ಹತ್ಕಂಡ್ ಉರ್ದೋಗದು!’ ಮೇಷ್ಟ್ರು ಮೆಲ್ಲಗೆ, ‘ಹೋದ ದೀಪಾವಳೀಲಿ ನೀನೇ ಅಲ್ವೇನಪ್ಪಾ…’ ಎನ್ನುತ್ತಾರೆ. ಕೆಳಗೆ ಒಂದು ಗಳಿಗೆ ಸದ್ದಿಲ್ಲ. ಪಾದಗಳೂ ಸ್ತಬ್ಧ. ‘ಆವಾಗ ಅದೇ ಸರಿ ಕನಾ ಸಾ. ಫ್ಯೂಸ್ ಸಿಕ್ತಿರ್ನಿಲ್ಲ.’ ಆಮೇಲೆ ಎಲ್ಲ ತಪ್ಪೂ ಇಲಿಯ ಮೇಲೆ ಹೋಗುತ್ತದೆ. ಭತ್ತದ ಮೂಟೆ ಪಕ್ಕ ಗಾಡಿ ನಿಲ್ಲಿಸುವ ಊರಿನಲ್ಲಿ ಇಲಿಯ ಪರ ವಾದಿಸುವವರು ಯಾರೂ ಇಲ್ಲ.

ಇಷ್ಟೆಲ್ಲ ಗೇಲಿ ಮಾಡಿದರೂ ಆ ಬೆರಳುಗಳನ್ನು ಮೆಚ್ಚದೆ ವಿಧಿಯಿಲ್ಲ. ಮೀಟರಿನ ಬೆನ್ನಿಗೆ ಸ್ಪೀಡೋಮೀಟರ್ ಕೇಬಲ್ಲಿನ ಗೀರುಗೀರಿನ ದುಂಡು ನಟ್ಟು ಇರುತ್ತದೆ. ಅಲ್ಲಿಗೆ ಕಣ್ಣು ಹೋಗುವುದಿಲ್ಲ, ಸ್ಪ್ಯಾನರೂ ಹೋಗುವುದಿಲ್ಲ, ಹೋಗುವುದು ಎರಡೇ ಬೆರಳು. ತಗಡಿನ ಅಂಚು ಮುಂಗೈ ಕೆರೆಯುತ್ತಿರುವಾಗ ಆ ಎರಡು ಬೆರಳಿನ ತುದಿಯಲ್ಲಿ ನಟ್ಟನ್ನು ಗೀರು ಗೀರಾಗಿ ಬಿಡಿಸಿ, ಕೇಬಲ್ ಎಳೆದು, ಮೀಟರನ್ನು ಅರ್ಧ ಇಂಚು ಮುಂದೆ ನೂಕಿ, ಆ ಸಂದಿಯಲ್ಲಿ ಅರ್ತ್ ಸ್ಕ್ರೂ ತಡವಿ ಹಿಡಿಯುತ್ತಾನೆ. ಕಣ್ಣು ಮುಚ್ಚಿಯೇ ಇರುತ್ತದೆ, ತೆರೆದರೆ ತುಕ್ಕಿನ ಪುಡಿ ಬೀಳುತ್ತದೆ. ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿ ಬಿಗಿದು, ‘ಹಾಕಿ ಸಾ ಇಂಡಿಕೇಟ್ರು’ ಎನ್ನುತ್ತಾನೆ. ಮುಳ್ಳು ಅಲ್ಲಾಡದೆ ನಿಲ್ಲುತ್ತದೆ. ಎಲ್ಲಿ ನಿಂತಿದೆ ಎಂದು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಖಾಲಿಯಲ್ಲಿ. ಪೆಟ್ರೋಲ್ ನಿಜಕ್ಕೂ ಇರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿಯುತ್ತವೆ. ‘ಕಂಪ್ನಿಯವ್ರು ಜಾಸ್ತಿ ಹಾಕಿರ್ತಾರ ಸಾ’ ಎಂದು ಡ್ಯಾಶ್‌ಬೋರ್ಡಿನ ಆಶ್‌ಟ್ರೇಗೆ ಸುರಿಯುತ್ತಾನೆ. ಅಲ್ಲಿ ಹಿಂದಿನ ರಿಪೇರಿಗಳ ಸ್ಕ್ರೂಗಳು ಆಗಲೇ ಕಂಠಮಟ್ಟ ತುಂಬಿವೆ. ಉತ್ತರಪಾರದಲ್ಲಿ ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಬಿಡಿಭಾಗ ಸಿಗುವುದಿಲ್ಲವೆಂದು ಬೇರೆಯವರು ಗೋಳಾಡುತ್ತಾರೆ, ಈ ಗಾಡಿಯಲ್ಲಿ ಮಾತ್ರ ಪ್ರತಿ ಸರ್ವೀಸಿಗೂ ಹೆಚ್ಚಾಗುತ್ತಲೇ ಇವೆ.

ಎಷ್ಟಾಯ್ತಪ್ಪಾ ಎಂದರೆ, ‘ನಿಮ್ಗ್ ಗೊತ್ತಿಲ್ವಾ ಸಾ, ಕೊಡಿ’ ಎನ್ನುತ್ತಾನೆ. ಕೊಟ್ಟದ್ದನ್ನು ಎಣಿಸಿ, ಇನ್ನೂ ನೂರು ಬರಬೇಕು ಎಂಬಂತೆ ಬಿಳಿಗಿರಿರಂಗನ ಕಡೆ ನೋಡುತ್ತಾನೆ. ಮೇಷ್ಟ್ರು ಕೊಟ್ಟು, ಶನಿವಾರ ಮೊಮ್ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು, ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಬರೀ ಕಾಡು, ಧೈರ್ಯವಾಗಿ ಹೋಗಬಹುದೇ ಎಂದು ವಿಚಾರಿಸುತ್ತಾರೆ.

‘ಧಾರಾಳವಾಗಿ ಹೋಗಿ ಸಾ. ವೈಪರ್ ಹಾಕ್ದಾಗ ಇಂಡಿಕೇಟರ್ ಹಾಕ್ಬೇಡಿ. ಇಂಡಿಕೇಟರ್ ಹಾಕ್ದಾಗ ಬ್ರೇಕ್ ತುಳೀಬೇಡಿ. ಹೆಡ್‌ಲೈಟ್ ಬೇಕಾದ್ರ ಕತ್ಲಾಗೋಕ್ ಮುಂಚ ಎಷ್ಟೊತ್ತಾದ್ರೂ ಹಾಕಳಿ.’