ಅಸಲಪ್ಪನವರ ಅವಧಿಪೂರ್ವ ಮುಕ್ತಿ

ಎದುರಿಗೆ ಸಿಕ್ಕವರನ್ನು ಜನ ‘ಊಟ ಆಯ್ತಾ?’ ಎಂದು ಕೇಳುತ್ತಾರೆ. ನಮ್ಮ ಅಸಲಪ್ಪನವರು ‘ನಿಮ್ಮದು ಇನ್ನೆಷ್ಟಿದೆ?’ ಎಂದು ಕೇಳುತ್ತಾರೆ. ಆಯಸ್ಸಿನ ವಿಚಾರವೆಂದು ತಿಳಿದು ಬೆಚ್ಚಿದ ಹಿರಿಯರೂ ಉಂಟು. ಅವರು ಕೇಳುವುದು ಹೋಮ್ ಲೋನಿನ ಬಾಕಿ. ‘ಏನೋಪ್ಪ, ಇನ್ನೊಂದು ಹತ್ತು ಹನ್ನೆರಡು ವರ್ಷ ಇರಬೇಕು’ ಎಂದು ನೀವು ಅಂದಾಜಿನ ಮಾತಾಡಿದಿರೋ, ಕೆಟ್ಟಿರಿ. ಭುಜದ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ಯುತ್ತಾರೆ. ತನ್ನ ಬಾಕಿ ಎಷ್ಟೆಂದು ರೂಪಾಯಿ ಲೆಕ್ಕದಲ್ಲಿ ಹೇಳಲಾಗದ ಮನುಷ್ಯನಿಗೆ ರಾತ್ರಿ ನಿದ್ದೆ ಹೇಗೆ ಹತ್ತುತ್ತದೆ ಎಂಬುದು ಅವರಿಗೆ ಇವತ್ತಿಗೂ ಬಗೆಹರಿದಿಲ್ಲ.

ಅಸಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಉತ್ತರಹಳ್ಳಿ ಕಡೆಯ ನಮ್ಮ ಬೀದಿ ಇಟ್ಟದ್ದು. ಬಡ್ಡಿ ಕಟ್ಟುವವರು ಬೀದಿಯ ತುಂಬ ಇದ್ದಾರೆ, ಅಸಲಿನ ಮೇಲೆ ಹಲ್ಲು ಮಸೆಯುವವರು ಇವರೊಬ್ಬರೇ. ಹಾಗೆಂದು ಇವರು ಅಪರೂಪದ ಪ್ರಾಣಿಯೇನಲ್ಲ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ, ಮೈಸೂರು, ಹುಬ್ಬಳ್ಳಿಗಳಲ್ಲೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಫೋನಿನ ಗಾಜು ಒಡೆದಿರುತ್ತದೆ, ಸ್ಕೂಟರಿನ ಸೀಟಿಗೆ ಎರಡನೇ ಸಲ ಹೊದಿಕೆ ಹಾಕಿಸಿರುತ್ತದೆ. ಮತ್ತು ಬೀರುವಿನ ಬಾಗಿಲ ಒಳಮೈಗೆ 240 ಸಾಲುಗಳ ಕಂತಿನ ಪಟ್ಟಿ ಅಂಟಿಸಿರುತ್ತದೆ. ಹೆಂಡತಿ ಸೀರೆ ತೆಗೆಯಲು ಬೀರು ತೆರೆದಾಗಲೆಲ್ಲ ಅದೇ ದರ್ಶನ. ಸೀರೆಯ ಆಸೆ ಅರ್ಧ ಅಲ್ಲೇ ಇಂಗುತ್ತದೆ. ಪಟ್ಟಿ ಅಂಟಿಸಿದವರ ಉದ್ದೇಶವೂ ಅದೇ ಇರಬಹುದು.

ಕಾಯಿಲೆ ಶುರುವಾದದ್ದು 2014ರಲ್ಲಿ. ಮೂವತ್ತು ಲಕ್ಷ ಸಾಲ, ಹತ್ತು ಪರ್ಸೆಂಟ್ ಬಡ್ಡಿ, ಇಪ್ಪತ್ತು ವರ್ಷದ ಅವಧಿ. ತಿಂಗಳ ಕಂತು 28,951 ರೂಪಾಯಿ. ಮೊದಲ ಕಂತು ಕಟ್ಟಿ, ಸ್ಟೇಟ್‌ಮೆಂಟ್ ತರಿಸಿ ನೋಡಿದರು. ಅದರಲ್ಲಿ ಬಡ್ಡಿಗೆ ಹೋದದ್ದು 25,000, ಅಸಲಿಗೆ ಜಮೆಯಾದದ್ದು 3,951. ತಪ್ಪಾಗಿ ಅಚ್ಚಾಗಿದೆ ಎಂದು ಬ್ಯಾಂಕಿಗೆ ಓಡಿದರು. ‘ಸರಿಯಾಗೇ ಇದೆ ಸಾರ್, ಮೊದಮೊದಲು ಹಾಗೇ’ ಎಂದಳಂತೆ ಕೌಂಟರಿನ ಹುಡುಗಿ, ನಗುನಗುತ್ತ. ಅವತ್ತು ರಾತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದರು: ‘ಈ ತಿಂಗಳು ನಾವು ಕೊಂಡಿರೋದು ಬಚ್ಚಲುಮನೆ ಬಾಗಿಲು ಮಾತ್ರ ಕಣೇ. ಚಿಲಕ ಬ್ಯಾಂಕಿಂದು.’

ಅಲ್ಲಿಂದ ಮುಂದೆ ಮನೆಯನ್ನು ಅವರು ಚದರಡಿಯಲ್ಲಿ ಅಳೆಯುವುದನ್ನು ಬಿಟ್ಟರು. ದೀಪಾವಳಿಯ ಬೋನಸ್ ಕಟ್ಟಿ ಬಂದು ‘ಅಡುಗೆಮನೆ ಕಿಟಕಿ ತನಕ ನಮ್ಮದಾಯ್ತು’ ಎನ್ನುವರು. ರಜೆ ಮಾರಿದ ದುಡ್ಡಿಗೆ ದೇವರಮನೆ ಬಂತು. ಹಾಲ್ ಬಹಳ ವರ್ಷ ಬ್ಯಾಂಕಿನ ಕೈಯಲ್ಲೇ ಇತ್ತು. ಮಕ್ಕಳು ಈ ಲೆಕ್ಕವನ್ನು ಬಲುಬೇಗ ಕಲಿತರು. ಮಗ ಹಾಲಿನ ಗೋಡೆಗೆ ಬಳಪದಲ್ಲಿ ರೈಲು ಬರೆದಾಗ ಇವರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ, ಹುಡುಗ ತಣ್ಣಗೆ ಹೇಳಿದ: ‘ಬ್ಯಾಂಕಿನ ಗೋಡೆ ಮೇಲೆ ಬರೆದಿದೀನಿ ಅಪ್ಪ, ನಮ್ಮದರ ಮೇಲಲ್ಲ.’

ಒಂದು ಮಾತು ಇಲ್ಲಿ ಹೇಳಲೇಬೇಕು. ಅಸಲಪ್ಪನವರ ಲೆಕ್ಕ ಹುಚ್ಚಿನದಲ್ಲ. ಅಂಥ ಸಾಲದ ಆರಂಭದಲ್ಲೇ ಒಂದು ಲಕ್ಷ ಹೆಚ್ಚಿಗೆ ಕಟ್ಟಿ, ಬಡ್ಡಿ ದರ ಹಾಗೇ ಇದ್ದರೆ, ಕೊನೆಯಲ್ಲಿ 23 ಕಂತು ಉದುರಿಹೋಗುತ್ತದೆ. ಅಂದರೆ ಒಂದು ಲಕ್ಷ ಕೊಟ್ಟವನಿಗೆ ಆರೂವರೆ ಲಕ್ಷ ಕಟ್ಟುವುದು ತಪ್ಪುತ್ತದೆ. ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು 2012ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿಯೂ ಆಗಿತ್ತು. ಇಷ್ಟು ಗೊತ್ತಾದ ಮೇಲೆ ಸಂಬಳದ ಮನುಷ್ಯ ಸುಮ್ಮನೆ ಕೂರುವುದು ಕಷ್ಟ. ಆದರೆ ಗೊತ್ತಾದದ್ದನ್ನು ದರ್ಶಿನಿಯವರೆಗೆ ಹೊತ್ತುಕೊಂಡು ಹೋಗಬಾರದಿತ್ತು. ಭಾನುವಾರ ಮಕ್ಕಳು ಮಸಾಲೆ ದೋಸೆ ಕೇಳಿದರು. ಇವರು ಫಲಕದ ಮುಂದೆ ನಿಂತು, ‘ಇದು 40 ರೂಪಾಯಿ ಅಲ್ಲ ಪುಟ್ಟೀ. ಈ 40 ಲೋನಿಗೆ ಹಾಕಿದ್ರೆ ಇಪ್ಪತ್ತು ವರ್ಷಕ್ಕೆ 293 ಆಗ್ತಿತ್ತು. ನೀನೀಗ ತಿನ್ನೋದು 293 ರೂಪಾಯಿ ದೋಸೆ’ ಎಂದರು. ಮಗಳು ಕ್ಷಣಕಾಲ ಯೋಚಿಸಿದಳು. ‘ಅಷ್ಟೊಂದು ಕೊಡ್ತೀವಿ ಅಂದ್ಮೇಲೆ ಚಟ್ನಿ ಇನ್ನೊಂದ್ಸಲ ಹಾಕಿಸ್ಕೊಳ್ಳೋಣ ಬಿಡಪ್ಪ’ ಎಂದಳು.

ಇದೇ ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಳು. ಮನೆಯಲ್ಲಿ ಏನು ಕೇಳಿದರೂ ಬರುತ್ತಿದ್ದ ಉತ್ತರ ಒಂದೇ ಆದ್ದರಿಂದ ರಟ್ಟಿನ ಮೇಲೆ ಅದನ್ನೇ ಬರೆದಿದ್ದಳು: ‘ಲೋನ್ ಮುಗಿದ ಮೇಲೆ’. ಒಳಗೆ ಪಟ್ಟಿ. ಗೇರ್ ಸೈಕಲ್. ನಾಯಿಮರಿ. ಕೊಡಗು. ಅಮ್ಮನಿಗೆ ಗ್ರೈಂಡರ್. ಅಜ್ಜಿಗೆ ಕಾಶಿ. ತಮ್ಮನ ಸಾಲುಗಳೂ ಇದ್ದವು, ಅವನು ಬರೆಯಲು ಕಲಿಯುವ ಮೊದಲು ಬಿಡಿಸಿದ ಒಂದು ವಿಮಾನದ ಸಮೇತ.

ಅಸಲಪ್ಪನವರ ಭಾವಮೈದ ಬೇರೆಯೇ ಸಂಪ್ರದಾಯದವನು. ಪ್ರತಿ ಹಬ್ಬಕ್ಕೂ ಬಂದು ಒಬ್ಬಟ್ಟು ತಿನ್ನುತ್ತ ಉಪದೇಶ ಮಾಡುತ್ತಿದ್ದ. ‘ಭಾವ, ಆ ದುಡ್ಡನ್ನ ಎಸ್‌ಐಪಿಗೆ ಹಾಕಿ. ಲಾಂಗ್ ಟರ್ಮಲ್ಲಿ ಬಡ್ಡಿಗಿಂತ ಜಾಸ್ತಿ ಬರುತ್ತೆ. ಲೋನಿನ ಬಡ್ಡಿಗೆ ವರ್ಷಕ್ಕೆ ಎರಡು ಲಕ್ಷದ ತನಕ ಟ್ಯಾಕ್ಸ್ ವಿನಾಯ್ತಿ ಬೇರೆ ಇದೆ, ಅದನ್ಯಾಕೆ ಕಳ್ಕೋತೀರಿ?’ ಅಸಲಪ್ಪನವರ ಉತ್ತರ ಸಿದ್ಧವಾಗಿರುತ್ತಿತ್ತು: ‘ಮೂವತ್ತು ರೂಪಾಯಿ ಟ್ಯಾಕ್ಸ್ ಉಳಿಸೋಕೆ ನೂರು ರೂಪಾಯಿ ಬಡ್ಡಿ ಕಟ್ಟಬೇಕೇನಯ್ಯಾ?’ 2020ರ ಮಾರ್ಚಿನಲ್ಲಿ ಷೇರುಪೇಟೆ ಕುಸಿದಾಗ ಇವರು ಭಾವಮೈದನಿಗೆ ದಿನಾ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಿದ್ದರು. ಪೇಟೆ ಚೇತರಿಸಿಕೊಂಡಾಗ ಅವನು ಇವರಿಗೆ ಫೋನ್ ಮಾಡತೊಡಗಿದ. ಸ್ವಂತ ಮನೆಯಲ್ಲಿ ವಾಸವಿದ್ದವರಿಗೆ ಆ ಎರಡು ಲಕ್ಷದ ವಿನಾಯ್ತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲವೆಂದು ಗೊತ್ತಾದ ದಿನ ಇವರು ಮನೆಯಲ್ಲಿ ಕೇಸರಿಬಾತ್ ಮಾಡಿಸಿದರು. ಭಾವಮೈದನ ಲೆಕ್ಕ ಕಾಗದದ ಮೇಲೆ ಬಹುಮಟ್ಟಿಗೆ ಸರಿಯೇ. ಆದರೆ ಅವನು ತನ್ನ ಎಸ್‌ಐಪಿಯ ಹಣವನ್ನು ಮಧ್ಯದಲ್ಲಿ ತೆಗೆದು ದೊಡ್ಡ ಕಾರು ಕೊಂಡ. ಕಾರಿಗೂ ಲೋನ್ ಇದೆ. ಕಾಗದದ ಮೇಲೆ ಕಾರು ಇರಲಿಲ್ಲ.

ಅಸಲಪ್ಪನವರಿಗೆ ಈ ಭಯ ಎಲ್ಲಿಂದ ಬಂತೆಂದು ಅವರ ತಾಯಿ ಒಮ್ಮೆ ಹೇಳಿದರು. ತುಮಕೂರು ಸೀಮೆಯ ಹಳ್ಳಿ, ಬಾವಿ ತೋಡಿಸಲು ಕೈಸಾಲ. ಸಾಲ ಕೊಟ್ಟವರು ಬಂದು ಜಗಲಿಯ ಮೇಲೆ ಕೂತರೆ ಯಜಮಾನರು ಹಿತ್ತಲ ಬಾಗಿಲಿಂದ ಹೊರಟುಬಿಡುತ್ತಿದ್ದರು. ಆಕೆ ಕಾಫಿ ಕೊಟ್ಟು ‘ಊರಲ್ಲಿಲ್ಲ’ ಎನ್ನುವರು. ನಿಜವೇನೋ ಎಂದು ಅವರು ಪಕ್ಕದಲ್ಲಿ ನಿಂತ ಹುಡುಗನ ಮುಖ ನೋಡುವರು. ಆ ಹುಡುಗನೇ ಇವರು. ಈಗಿನ ಬ್ಯಾಂಕು ಜಗಲಿಗೆ ಬರುವುದಿಲ್ಲ, ಪ್ರತಿ ತಿಂಗಳ ಐದನೇ ತಾರೀಕು ಮೆಸೇಜಾಗಿ ಅಂಗಿಯ ಜೇಬಿಗೇ ಬರುತ್ತದೆ. ಹಿತ್ತಲ ಬಾಗಿಲೂ ಇಲ್ಲ.

ಭಯಸ್ಥರಿಗೆ ದೇವರ ಮೇಲೆ ಭಕ್ತಿ ಹೆಚ್ಚು. ಇವರ ದೇವರು ಮುಂಬಯಿಯಲ್ಲಿದ್ದ. ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕಿನ ಗವರ್ನರ್ ಟೀವಿಯಲ್ಲಿ ರೆಪೊ ದರ ಹೇಳಲು ಬಂದಾಗ ಮನೆಯಲ್ಲಿ ಮಿಕ್ಸಿ ತಿರುಗುವಂತಿರಲಿಲ್ಲ. ಅಷ್ಟರಲ್ಲಿ ಇವರ ಸಾಲದ ಬಡ್ಡಿಗೆ ಆಧಾರವಾದ ಅಳತೆ ಬೇಸ್ ರೇಟಿನಿಂದ ಎಂಸಿಎಲ್‌ಆರ್‌ಗೆ, ಅಲ್ಲಿಂದ ರೆಪೊಗೆ ಜಿಗಿದಾಗಿತ್ತು. ಪ್ರತಿ ಜಿಗಿತಕ್ಕೂ ಒಂದು ಅರ್ಜಿ, ಒಂದು ಶುಲ್ಕ, ಒಂದು ವಾರದ ಅಜೀರ್ಣ. 2020ರ ಮೇ ತಿಂಗಳಲ್ಲಿ ದರ 4ಕ್ಕೆ ಇಳಿದಾಗ ಬೀದಿಯಲ್ಲಿ ಮಾಸ್ಕಿನೊಳಗೇ ನಕ್ಕವರು ಇವರೊಬ್ಬರು. 2022ರ ಮೇ ತಿಂಗಳಲ್ಲಿ ಗವರ್ನರ್ ಸರದಿ ಬರುವ ಮೊದಲೇ ದಿಢೀರನೆ ಟೀವಿಗೆ ಬಂದರು. 2023ರ ಫೆಬ್ರವರಿ ಹೊತ್ತಿಗೆ ದರ 6.5. ಕಂತು ಅಷ್ಟೇ ಇತ್ತು, ಅವಧಿ ಮಾತ್ರ ಸದ್ದಿಲ್ಲದೆ ಹಿಗ್ಗಿತ್ತು. ಬೀರುವಿನ ಪಟ್ಟಿಯಲ್ಲಿ ಕೆಂಪು ಗೆರೆ ಎಳೆದು ಮುಗಿಸಿದ್ದ ಸಾಲುಗಳು ಮತ್ತೆ ಎದ್ದು ಕೂತವು. ‘ಕೊಂಡಿದ್ದ ದೇವರಮನೆ ವಾಪಸ್ ಹೋಯ್ತು’ ಎಂದು ಎರಡು ದಿನ ಮಂಕಾಗಿದ್ದರು. ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಬ್ಯಾಂಕುಗಳಿಗೆ ಹೇಳಿತು. ಆ ಸುದ್ದಿಯ ತುಣುಕನ್ನು ಇವರು ಲ್ಯಾಮಿನೇಟ್ ಮಾಡಿಸಿ ಶಾಖೆಗೆ ಒಯ್ದರು.

ಶಾಖೆಯಲ್ಲಿ ಇವರನ್ನು ಕಂಡರೆ ವಿಚಿತ್ರ ಮರ್ಯಾದೆ. ಪಾರ್ಟ್ ಪೇಮೆಂಟಿಗೆಂದು ಚೆಕ್ ಹಿಡಿದು ಹೋದವರಿಗೆ ಮ್ಯಾನೇಜರು ಕುರ್ಚಿ ತೋರಿಸಿ, ‘ಸಾರ್, ನಿಮ್ಮ ರೆಕಾರ್ಡ್ ಬಹಳ ಚೆನ್ನಾಗಿದೆ. ಒಂದು ಟಾಪ್-ಅಪ್ ಲೋನ್ ಕೊಡ್ಲಾ?’ ಎನ್ನುವರು. ಕುಡಿತ ಬಿಟ್ಟವನಿಗೆ ಅಭಿನಂದಿಸಿ ಬಾಟಲಿ ಕೊಡುವ ಈ ಪದ್ಧತಿ ಅಸಲಪ್ಪನವರಿಗೆ ಅರ್ಥವಾಗುತ್ತಿರಲಿಲ್ಲ. ‘ಇಎಂಐ ಕಮ್ಮಿ ಮಾಡ್ಬೇಕಾ, ಟೆನ್ಯೂರಾ?’ ಎಂಬ ಪ್ರಶ್ನೆಗೆ ಮಾತ್ರ ಎದೆಯುಬ್ಬಿಸಿ ‘ಟೆನ್ಯೂರ್’ ಎನ್ನುವರು. ಎದ್ದು ಬರುವಾಗ ಕೌಂಟರಿನ ಪೆನ್ನಿಗೆ ಕಟ್ಟಿದ ದಾರವನ್ನೂ ಒಮ್ಮೆ ನೋಡಿ ಬರುವರು, ನಮ್ಮ ಬಡ್ಡಿಯಲ್ಲಿ ಕೊಂಡದ್ದು ಎಂಬಂತೆ.

ಇದೆಲ್ಲ ಸರಿ, ಆದರೆ ಒಂದು ಮೇ ತಿಂಗಳು ಅತಿಯಾಯಿತು. ಬೋನಸ್, ಎಲ್‌ಐಸಿಯ ಮನಿ ಬ್ಯಾಕ್, ಊರಿನ ತೆಂಗಿನಕಾಯಿ ದುಡ್ಡು ಎಲ್ಲವನ್ನೂ ಗುಡಿಸಿ ಲೋನಿಗೆ ಸುರಿದರು. ಖಾತೆಯಲ್ಲಿ ಮಿಕ್ಕಿದ್ದು ಮೂರು ಸಾವಿರ ಚಿಲ್ಲರೆ. ಜೂನ್ ಬಂತು. ಇಬ್ಬರು ಮಕ್ಕಳ ಶಾಲೆ ಫೀಸು, ಬಸ್ಸು, ಪುಸ್ತಕ, ಎರಡು ಥರದ ಯೂನಿಫಾರಂ. ಅದೇ ವಾರ ಅಸಲಪ್ಪನವರ ತಾಯಿಯ ಕಣ್ಣಿನ ಪೊರೆಯ ಆಪರೇಷನ್ನು. ಮುಂಚೆ ಕಟ್ಟಿದ್ದರಲ್ಲಿ ಸ್ವಲ್ಪ ವಾಪಸ್ ಕೊಡಿ ಎಂದರೆ ಬ್ಯಾಂಕು ಕೊಡುತ್ತದೆಯೇ? ಹೆಂಡತಿಯ ಬಳೆಗಳು ಸೊಸೈಟಿಗೆ ಹೋದವು. ಹತ್ತು ಪರ್ಸೆಂಟಿನ ಸಾಲ ಬೇಗ ತೀರಿಸಲು ಹನ್ನೆರಡು ಪರ್ಸೆಂಟಿನ ಹೊಸ ಸಾಲ! ಆ ಸಂಜೆ ಅವರಾಕೆ ಬರಿಗೈಯಲ್ಲಿ ಕಾಫಿ ತಂದಿಟ್ಟು, ‘ರೀ, ಕೈಬಳೆ ಹೋಯ್ತು, ಕೈತೊಳೆಯೋ ಬೇಸಿನ್ ನಮ್ಮದಾಯ್ತು, ಅಲ್ವಾ?’ ಎಂದರು. ಅಸಲಪ್ಪನವರು ಸಕ್ಕರೆ ಹಾಕಿಲ್ಲವೆಂದು ಹೇಳಲಿಲ್ಲ.

ಆಕೆಯ ಬಗ್ಗೆಯೇ ಪ್ರತ್ಯೇಕ ವ್ಯಕ್ತಿಚಿತ್ರ ಬರೆಯಬಹುದು. ಆ ಜೂನಿನ ನಂತರ ಆಕೆ ಗಂಡನಿಗೆ ತಿಳಿಯದಂತೆ ಬೀದಿಯ ಹೆಂಗಸರ ಚೀಟಿಗೆ ಸೇರಿದರು. ಮುಂದೆ ಮನೆಯಲ್ಲಿ ಯಾವ ಆಪತ್ತು ಬಂದರೂ ಸರಿಯಾದ ಹೊತ್ತಿಗೆ ‘ನಮ್ಮಣ್ಣ ಕೊಟ್ಟ’ ಎಂದು ದುಡ್ಡು ಹೊರಬರುತ್ತಿತ್ತು. ಭಾವಮೈದ ಇಷ್ಟು ಉದಾರಿಯೇ ಎಂದು ಇವರು ಬೆರಗಾಗಿ, ಅವನ ಎಸ್‌ಐಪಿಯ ಮೇಲೆ ಕೊಂಚ ಗೌರವವನ್ನೂ ಬೆಳೆಸಿಕೊಂಡರು. ಮಕ್ಕಳ ಶಾಲಾ ಪ್ರವಾಸದ ದುಡ್ಡೂ ಅಲ್ಲಿಂದಲೇ ಬಂತು. ಸಾಲ ತೀರಿಸಿದ ಕೀರ್ತಿ ಅಸಲಪ್ಪನವರದು, ತೀರಿಸುವ ತನಕ ಸಂಸಾರ ನಡೆಸಿದ ಲೆಕ್ಕ ಆಕೆಯ ಅಕ್ಕಿಡಬ್ಬದಲ್ಲಿತ್ತು.

ಕೊನೆಗೆ 2025ರ ಜನವರಿಯಲ್ಲಿ, ಒಂಬತ್ತು ವರ್ಷ ಮುಂಚಿತವಾಗಿ, ಸಾಲ ಮುಗಿಯಿತು. ಎರಡು ವರ್ಷದಿಂದ ರೆಪೊ ಇಳಿಯಲಿ ಎಂದು ಕಾದವರು ಇನ್ನು ಸಾಕೆಂದು ಪಿಎಫ್ ತುಸು ತೆಗೆದು ಕಟ್ಟಿಬಿಟ್ಟರು. ಫೆಬ್ರವರಿಯಲ್ಲಿ ರೆಪೊ ಇಳಿಯಿತು. ಏಪ್ರಿಲಿನಲ್ಲಿ ಮತ್ತೆ ಇಳಿಯಿತು. ಜೂನಿನಲ್ಲಿ ಒಮ್ಮೆಗೇ ಅರ್ಧ ಪರ್ಸೆಂಟ್ ಇಳಿದು 5.5ಕ್ಕೆ ಬಂದಾಗ ಇಡೀ ಬೀದಿ ಹಿಗ್ಗಿತು, ಇವರೊಬ್ಬರು ಗೇಟಿನ ಬಳಿ ಸಪ್ಪಗೆ ನಿಂತಿದ್ದರು. ಇಳಿಯಲು ಇವರ ಹತ್ತಿರ ಬಾಕಿಯೇ ಇರಲಿಲ್ಲ.

ಮನೆಯೊಳಗೆ ಮಗಳು ನೋಟ್‌ಬುಕ್ ತೆಗೆದು ಸಭೆ ಸೇರಿಸಿದಳು. ಗೇರ್ ಸೈಕಲ್ ಎಂದು ಓದಿದಾಗ ಮಗ, ‘ಈಗ ಬೇಡ, ಬೈಕಿಗೆ ಇನ್ನೆರಡು ವರ್ಷ ಕಾಯ್ತೀನಿ’ ಎಂದ. ನಾಯಿಮರಿಗೆ ಅಮ್ಮನ ವಿರೋಧ ಬಂತು. ಕೊಡಗಿಗೆ ಮಗಳು ಕಾಲೇಜಿನವರ ಜೊತೆ ಹೋಗಿ ಬಂದಾಗಿತ್ತು, ‘ನೀವಿಬ್ರೂ ಹೋಗ್ಬನ್ನಿ ಅಪ್ಪ’ ಎಂದಳು. ಉಳಿದದ್ದು ಗ್ರೈಂಡರು ಮತ್ತು ಕಾಶಿ. ಎರಡೂ ಆದವು. ಕಾಶಿಗೆ ಅಜ್ಜಿಯ ಜೊತೆ ಹೋದ ಅಸಲಪ್ಪನವರು ಅಲ್ಲಿ ಗಂಗೆಯಲ್ಲಿ ಏನನ್ನಾದರೂ ಬಿಡಬೇಕೆಂದು ಪುರೋಹಿತರು ಹೇಳಿದಾಗ ‘ಬಡ್ಡಿ’ ಎಂದರಂತೆ. ಹಾಗಲಕಾಯಿ ಬಿಟ್ಟರೆ ಸಾಕೆಂದರಂತೆ ಪುರೋಹಿತರು.

ಇನ್ನು ಮನೆಪತ್ರದ ಕತೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. 2023ರ ಡಿಸೆಂಬರಿನಿಂದ ಈ ನಿಯಮವಿದೆ. ಅಸಲಪ್ಪನವರಿಗೆ ಇದು ತಿಳಿದದ್ದೇ ತಡ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಬ್ಯಾಂಕಿನ ಕಡೆ ತಲೆಹಾಕುವುದನ್ನೇ ನಿಲ್ಲಿಸಿದರು. ಕ್ಯಾಲೆಂಡರಿನಲ್ಲಿ ಮೂವತ್ತೊಂದನೇ ದಿನಕ್ಕೆ ಕೆಂಪು ಸುತ್ತು ಹಾಕಿ, ತಡವಾದ ಒಂದೊಂದು ತಿಂಗಳಿಗೂ ಒಂದೂವರೆ ಲಕ್ಷವೆಂದು ಮನಸ್ಸಿನಲ್ಲೇ ಗುಣಿಸುತ್ತ ಕೂತರು. ಎರಡನೇ ವಾರವೇ ಫೋನ್ ಬಂತು: ‘ಸಾರ್, ನಿಮ್ಮ ಪತ್ರ ರೆಡಿ ಇದೆ, ಬಂದು ತಗೊಂಡ್ಹೋಗಿ.’ ಅಷ್ಟು ಚುರುಕಾದ ಬ್ಯಾಂಕನ್ನು ಅವರು ಇನ್ನೂ ಕ್ಷಮಿಸಿಲ್ಲ.

ನಿಮ್ಮಲ್ಲಿ ಯಾರಾದರೂ ಲೋನ್ ಮುಗಿಸುವವರಿದ್ದರೆ ಒಂದು ಮಾತು. ಮೂಲಪತ್ರ, ಎನ್‌ಒಸಿ ಬಂತೆಂದು ಬೀರುವಿಗೆ ಬೀಗ ಹಾಕಬೇಡಿ. ಸಾಲ ಕೊಡುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನದ ಪತ್ರ ನೋಂದಣಿಯಾಗಿದ್ದರೆ, ಅದನ್ನು ಬಿಡುಗಡೆ ಮಾಡಿದ್ದೂ ಅಲ್ಲೇ ನೋಂದಣಿಯಾಗಬೇಕು. ಇಲ್ಲದಿದ್ದರೆ ತೀರಿದ ಸಾಲ ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ, ಹಾಗೇ ಕಾಣುತ್ತಿರುತ್ತದೆ. ಆಮೇಲೆ ಹೊಸ ಇಸಿ ತೆಗೆಸಿ ನೋಡಿ. ಅನುಮಾನವಿದ್ದರೆ ಉತ್ತರಹಳ್ಳಿಗೆ ಬಂದು ಅಸಲಪ್ಪನವರನ್ನೇ ಕೇಳಿ. ಸಂಜೆ ಹೊತ್ತು ಅವರಿಗೆ ಈಗ ಬೇರೆ ಕೆಲಸವಿಲ್ಲ.