ಮೂವತ್ತಮೂರು ಸಂಸಾರದ ಬೆಂಚು

ಮಂಗಳವಾರದಿಂದ ನಮ್ಮನೆಯಲ್ಲಿ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವುದು ಅಂದರೆ ಪೂರ್ತಿ ಬಿಡುವುದಲ್ಲ, ನನ್ನ ಮಗಳ ಬಾಯಿಂದ ಆಡಿಸುವುದು. "ಪುಟ್ಟಿ, ನಿನ್ನಜ್ಜಂಗೆ ಕಾಫಿ ಮಾಡ್ಲಾ ಕೇಳು." ಪುಟ್ಟಿಗೆ ಒಂಬತ್ತು ವರ್ಷ. ಅವಳ ಕನ್ನಡ ಭಾನುವಾರದ ಕನ್ನಡ ಶಾಲೆಯದು. ವಿಭಕ್ತಿ ಪ್ರತ್ಯಯಗಳು ಇನ್ನೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿಲ್ಲ. ಅವಳು ಓಡಿಹೋಗಿ, "ಅಜ್ಜಾ, ಅಜ್ಜಿ ನಿನ್ನನ್ನು ಕಾಫಿ ಮಾಡ್ತಾಳಂತೆ" ಅನ್ನುತ್ತಾಳೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಮಾಡಲಿ, ಅದೊಂದೇ ಬಾಕಿ ಇತ್ತು" ಅನ್ನುತ್ತಾರೆ.

ಇಷ್ಟಕ್ಕೆಲ್ಲ ಕಾರಣ ನಾನು ಮಾಡಿದ ಬೆಂಚು.

ಮಿಷಿಗನ್ನಿನ ಚಳಿಗಾಲದಲ್ಲಿ ಮನುಷ್ಯರಾದವರು ಏನಾದರೊಂದು ಹುಚ್ಚು ಹಿಡಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ನಿಜವಾದದ್ದೇ ಹಿಡಿಯುತ್ತದೆ. ನನ್ನ ಗೆಳತಿಯರಲ್ಲಿ ಒಬ್ಬಳು ಹುಳಿ ಬ್ರೆಡ್ಡು ಸಾಕುತ್ತಾಳೆ, ಇನ್ನೊಬ್ಬಳು ವೀಣೆಯನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ ಒರೆಸಿ ಮತ್ತೆ ಮೇಲಿಡುತ್ತಾಳೆ. ನಾನು ಕಾಲೇಜಿನ ಸಂಜೆ ತರಗತಿಯಲ್ಲಿ ಮರಗೆಲಸಕ್ಕೆ ಸೇರಿದೆ. ಕಲಿಸುವವರು ಕಾರು ಕಾರ್ಖಾನೆಯಿಂದ ನಿವೃತ್ತರಾದ ಅಜ್ಜ, ಬೆರಳು ಒಂಬತ್ತೂವರೆ. ಮೊದಲ ದಿನವೇ ಆ ಅರ್ಧ ಬೆರಳು ತೋರಿಸಿ "ಇದೇ ನಿಮ್ಮ ಪಠ್ಯಪುಸ್ತಕ" ಅಂದಿದ್ದರು. ಎಂಟು ವಾರದಲ್ಲಿ ನಾನು ಒಂದು ಮಣೆ ಮಾಡಿದೆ. ಏಪ್ರಿಲ್‌ನಲ್ಲಿ ಸಾಗರದಿಂದ ಬಂದಿಳಿದ ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ. ಈಳಿಗೆ ಯಾವಾಗ ಕೂರಿಸ್ತೀಯ?" ಅಂದಳು.

ಅಪ್ಪನ ವಿಷಯ ಬೇರೆ. ಅವರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಜೀವಮಾನದಲ್ಲಿ ಗರಗಸ ಹಿಡಿದವರಲ್ಲ. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯಲೂ ಪಕ್ಕದ ಮನೆ ಹುಡುಗನನ್ನು ಕರೆಯುತ್ತಿದ್ದರು. ಆದರೆ ಸಾಗರದವರು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ನಮ್ಮ ಊರಿನವರು; ಅದರಲ್ಲೂ ಒಂದು ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು. ಆ ಉಳಿ ಕೊಡತಿಯ ಸದ್ದು ಕೇಳುತ್ತ ಬೆಳೆದದ್ದರಿಂದ ಮರಗೆಲಸ ತಮಗೆ ಕಿವಿಯ ಮೂಲಕ ಬಂದಿದೆ ಅಂತ ಅವರು ನಂಬಿದ್ದಾರೆ.

ಬೆಂಚಿಗೆ ಮರ ತರಲು ಹೊರಟಾಗ ಅಂಗಡಿಗೆ ಅವರೂ ಬಂದರು. ಒಂದು ಹಲಗೆ ಎತ್ತಿ ಮೂಸಿದರು. "ಇದು ಮರವಾ ಮಾರಾಯ್ತಿ? ಫಿನಾಯಿಲ್ ವಾಸನೆ." ಪೈನ್ ಮರ ಅಂದೆ. "ಹಲಸು ಇಲ್ವಾ? ಹೊನ್ನೆ? ಬೀಟೆ ಬೇಡ, ದುಬಾರಿ" ಅಂತ ಅಮೆರಿಕಕ್ಕೆ ರಿಯಾಯಿತಿಯನ್ನೂ ಕೊಟ್ಟರು. ಹಲಗೆಯ ಮೇಲೆ ಎಸ್‌ಪಿಎಫ್ ಅಂತ ಮುದ್ರೆ ಇತ್ತು. ಸ್ಪ್ರೂಸ್, ಪೈನ್, ಫರ್, ಈ ಮೂರರಲ್ಲಿ ಯಾವುದಾದರೂ ಇರಬಹುದು ಅಂತ ಅರ್ಥ. ಪುಟ್ಟಿ ಅದನ್ನು ಓದಿ, "ಅಜ್ಜಾ, ಈ ಮರಕ್ಕೆ ಸನ್‌ಸ್ಕ್ರೀನ್ ಹಾಕಿದಾರೆ" ಅಂದಳು. ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಸಂಜೆ ಅಮ್ಮನಿಗೆ ಹಾಗೆಯೇ ವರದಿಯೂ ಮಾಡಿದರು.

ಆಮೇಲೆ ಅವರು ಜೇಬಿನಿಂದ ತಮ್ಮ ಟೇಪು ತೆಗೆದರು. ಇಲ್ಲಿ ಎರಡು-ನಾಲ್ಕು ಅಂತ ಬೋರ್ಡು ಹಾಕಿ ಮಾರುವ ತುಂಡು ನಿಜವಾಗಿ ಒಂದೂವರೆ ಇಂಚು, ಮೂರೂವರೆ ಇಂಚು. ಎರಡು-ಎಂಟು ಅನ್ನುವುದು ಒಂದೂವರೆ, ಏಳೂಕಾಲು. ಹಸಿ ಮರ ಕೊಯ್ದಾಗಿನ ಅಳತೆಯ ಹೆಸರು ಅದು. ಒಣಗಿಸಿ, ಕೀಸಿ ನುಣುಪು ಮಾಡುವಷ್ಟರಲ್ಲಿ ಇಷ್ಟಾಗುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ ಅಂತ ವಿವರಿಸಿದೆ. ಅಪ್ಪ ಕೇಳಲಿಲ್ಲ. "ದೇಶಕ್ಕೆ ದೇಶವೇ ಎದುರಿಗೆ ಮೋಸ ಮಾಡ್ತಾ ಇದೆ, ನೀವೆಲ್ಲ ಕಾರ್ಡು ಉಜ್ಜಿ ಹೋಗ್ತಾ ಇದೀರಿ" ಅಂತ ಎಂಟು ಹಲಗೆ ಅಳೆದರು. ಒಂಬತ್ತನೆಯದಕ್ಕೆ ಅಂಗಡಿಯ ಹುಡುಗ ಬಂದು ಸಹಾಯ ಬೇಕೇ ಅಂತ ಕೇಳಿದ. ಅಪ್ಪ ಅವನ ಕೈಗೆ ಟೇಪಿನ ಇನ್ನೊಂದು ತುದಿ ಕೊಟ್ಟರು.

ಬೆಂಚು ಐದಡಿ ಉದ್ದ. ನಾಲ್ಕು ಕಾಲು, ಕಾಲುಗಳನ್ನು ಹಿಡಿದಿಡಲು ಪಟ್ಟಿಗಳ ಚೌಕಟ್ಟು, ಮೇಲೆ ಎರಡು ಹಲಗೆ ಪಕ್ಕಪಕ್ಕ. ಅಷ್ಟೇ. ಮರ ಸತ್ತ ಮೇಲೂ ಸುಮ್ಮನಿರುವುದಿಲ್ಲ, ಬೇಸಿಗೆಯ ತೇವಕ್ಕೆ ಅಗಲಕ್ಕೆ ಹಿಗ್ಗಿ ಹೀಟರಿನ ಚಳಿಗಾಲಕ್ಕೆ ಕುಗ್ಗುತ್ತದೆ. ಆದ್ದರಿಂದ ಮೇಲಿನ ಹಲಗೆಯನ್ನು ಚೌಕಟ್ಟಿಗೆ ಎಂದೂ ಅಂಟಿಸಬೇಡಿ, ಕೊಂಚ ದೊಡ್ಡ ತೂತು ಕೊರೆದು ಸ್ಕ್ರೂ ಹಾಕಿ ಅಂತ ಒಂಬತ್ತೂವರೆ ಬೆರಳಿನ ಅಜ್ಜ ಸಾರಿ ಸಾರಿ ಹೇಳಿದ್ದರು. ನಾನು ಅಂಟಿಸಿದೆ. ಸ್ಕ್ರೂ ಡಬ್ಬಿ ತೆಗೆದಾಗಲೇ ಅಪ್ಪ, "ನಮ್ಮ ಗುಡಿಗಾರರು ಇದನ್ನು ನೋಡಿದ್ರೆ..." ಅಂತ ವಾಕ್ಯ ಶುರು ಮಾಡಿ ಪೂರ್ತಿ ಮಾಡದೆ ಬಿಟ್ಟರು. ಪೂರ್ತಿ ಮಾಡಿದ್ದರೆ ಜಗಳವಾಡಬಹುದಿತ್ತು.

ಹಳದಿ ಅಂಟು ಹಿಡಿಯಬೇಕಾದರೆ ಅರ್ಧ ಗಂಟೆಯಾದರೂ ಒತ್ತಿ ಹಿಡಿದಿರಬೇಕು. ನನ್ನ ಹತ್ತಿರ ಇದ್ದದ್ದು ನಾಲ್ಕೇ ಕ್ಲಾಂಪು. ನಾಲ್ಕೂ ಆ ಎರಡು ಹಲಗೆಗಳನ್ನು ಅಡ್ಡಕ್ಕೆ ಬಿಗಿಯುವುದಕ್ಕೆ ಹೋದವು. ಮೇಲಿಂದ ಒತ್ತಲು ಏನೂ ಉಳಿಯಲಿಲ್ಲ, ಸಂಸಾರ ಒಂದು ಬಿಟ್ಟರೆ.

"ಎಲ್ಲರೂ ಬನ್ನಿ, ಕೂತ್ಕೊಳ್ಳಿ" ಅಂತ ಕೂಗಿದೆ.

ಅಮ್ಮ ಬೀನ್ಸು ಮುರಿಯುವ ತಟ್ಟೆ ಸಮೇತ ಬಂದಳು. "ಮಂಗಳವಾರ ಹೊಸ ಕೆಲಸ ಹಿಡೀಬಾರದು" ಅಂದಳು, ಕೂತಳು. ನಮ್ಮನೆಯವರು ಆಫೀಸಿನ ಮೀಟಿಂಗಿನ ನಡುವೆ ಇದ್ದರು; ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದು ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ಪುಟ್ಟಿ. ನಡುವೆ ಅಪ್ಪ. ಬೆಂಚಿಗೆ ಮುಹೂರ್ತ ಅಂತ ಅವರು ತಮ್ಮ ಅರವತ್ತರ ಶಾಂತಿಯ ಕೆಂಪಂಚಿನ ಪಂಚೆ ಉಟ್ಟು, ಮೇಲೆ ಸ್ವೆಟರು, ತಲೆಗೆ ಮಂಕಿ ಟೋಪಿ ಹಾಕಿ ಬಂದಿದ್ದರು. ಗ್ಯಾರೇಜಿನಲ್ಲಿ ಹನ್ನೆರಡು ಡಿಗ್ರಿ. "ಚಳಿ ಆಗಲ್ವಾ ಮಾವ, ಒಳಗೊಂದು ಥರ್ಮಲ್ ಹಾಕ್ಕೊಳ್ಳಿ" ಅಂತ ನಮ್ಮನೆಯವರು ಬಂದ ದಿನದಿಂದ ಹೇಳುತ್ತಿದ್ದರು. ಅಪ್ಪನದು ಒಂದೇ ಉತ್ತರ: "ಸಾಗರದ ಮಳೆ ಕಂಡವನಿಗೆ ಇದೆಂಥ ಚಳಿ?"

ಎರಡು ಹಲಗೆಗಳ ನಡುವಿನ ಸಂದಿಯಿಂದ ಅಂಟು ಹಳದಿ ಹನಿಗಳಾಗಿ ಮೇಲಕ್ಕೆ ಉಕ್ಕುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಪ್ರತಿಯೊಬ್ಬರ ಕೆಳಗೂ ಒಂದೊಂದು ಬೇಕಿಂಗ್ ಪೇಪರ್ ಹಾಸಿದ್ದೆ. ನಾಲ್ಕು ಜನಕ್ಕೆ ನಾಲ್ಕು ಹಾಳೆ. ನನ್ನ ತಪ್ಪು ಇದರಲ್ಲಿಲ್ಲ ಅನ್ನುವುದು ದಾಖಲಾಗಲಿ.

ಐದು ನಿಮಿಷಕ್ಕೆ ಅಪ್ಪನಿಗೆ ಬೇಜಾರು ಬಂತು. "ನಿನ್ನ ಮೇಷ್ಟ್ರು ಎಷ್ಟು ಒತ್ತಡ ಬೇಕು ಅಂದಿದಾರೆ?"

"ಪೈನ್‌ನಂಥ ಮೆದು ಮರಕ್ಕೆ ಚದರ ಇಂಚಿಗೆ 100ರಿಂದ 150 ಪೌಂಡು."

"ನೂರೇ ಹಿಡಿಯೋಣ. ಎಲ್ಲರ ತೂಕ ಹೇಳಿ."

ಕಿವಿಗೆ ಸಿಕ್ಕಿಸಿಕೊಂಡಿದ್ದ ಬಡಗಿ ಪೆನ್ಸಿಲ್ಲು ಇಳಿಯಿತು, ಎಲ್ಲಿಂದಲೋ ಒಂದು ಕಾಗದವೂ ಬಂತು. ಅಪ್ಪ 62 ಕೆಜಿ. ನಮ್ಮನೆಯವರು ಮೈಕು ಮುಚ್ಚಿ 83 ಅಂದರು. ಪುಟ್ಟಿ 29. ಅಮ್ಮ ಬೀನ್ಸಿನಿಂದ ಕಣ್ಣೆತ್ತದೆ, "55" ಅಂದಳು.

"ಯಾವ ಇಸವಿದು?"

"ಈಗಿಂದೇ."

"ಹೊರಡೋ ಮುಂಚೆ ಡಾಕ್ಟ್ರ ಹತ್ರ 64 ಬಂತಲ್ಲೇ?"

"ಅದು ಸೀರೆ ಸೇರಿ."

"ಒಂಬತ್ತು ಕೆಜಿ ಸೀರೆಯಾ?" ಅಪ್ಪ 64 ಅಂತಲೇ ಬರೆದು, ನನ್ನ ಕಡೆ ತಿರುಗಿ, "ನಿನ್ನಮ್ಮನೂ ಆ ಅಂಗಡಿ ಹಲಗೆ ಥರಾನೇ. ಹೆಸರಿಗೊಂದು, ಅಳತೆಗೊಂದು" ಅಂದರು. ಒಂದು ಬೀನ್ಸು ಬಹಳ ಜೋರಾಗಿ ಮುರಿಯಿತು.

ಒಟ್ಟು 238 ಕೆಜಿ. ಕೆಜಿಗೆ 2.2 ಪೌಂಡಿನ ಲೆಕ್ಕದಲ್ಲಿ 523.6 ಪೌಂಡು. ಅಂಟು ಹಚ್ಚಿದ ಪಟ್ಟಿಗಳ ಮೇಲ್ಮೈ 174 ಚದರ ಇಂಚು. ಬೇಕಾದ ಭಾರ 17,400 ಪೌಂಡು. ನಾವು ಒತ್ತುತ್ತಿದ್ದದ್ದು ಚದರ ಇಂಚಿಗೆ ಮೂರು ಪೌಂಡು. ಅಷ್ಟು ಭಾರವನ್ನು ನಮ್ಮೂರಲ್ಲಿ ಉಪ್ಪಿನಕಾಯಿ ಜಾಡಿಯ ಮೇಲಿಡುತ್ತಾರೆ. ಅಪ್ಪ ಭಾಗಾಕಾರ ಮಾಡಿದರು, ತಾಳೆ ನೋಡಿದರು, ಕನ್ನಡಕ ತೆಗೆದರು. "ನಮ್ಮಂಥ ಮೂವತ್ತಮೂರು ಸಂಸಾರ ಕೂರಬೇಕು. ಶೇಷ 55 ಕೆಜಿ." ಒಂದು ಕ್ಷಣ ಸುಮ್ಮನಾಗಿ ಸೇರಿಸಿದರು: "ಅಂದ್ರೆ ಮೇಲೊಬ್ಬಳು ನಿನ್ನಮ್ಮ, ಅವಳೇ ಹೇಳೋ ತೂಕದ್ದು."

ಆಮೇಲೆ ನಾನು ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿದೆ. ಸರಿಯಾಗಿ ಅಷ್ಟೇ ಬರುತ್ತದೆ.

ಆ ಮೂವತ್ತಮೂರು ಸಂಸಾರ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ನೂರಮೂವತ್ತೆರಡು ಜನ. ಕನ್ನಡ ಕೂಟದ ಯುಗಾದಿ ಊಟಕ್ಕೆ ಬರುವವರನ್ನೆಲ್ಲ ಕರೆಯಬೇಕು. ಕೆಳಗಿನ ಸಾಲಿನಲ್ಲಿ ಗಟ್ಟಿಮುಟ್ಟಾದ ಅಳಿಯಂದಿರು. ಅವರ ತೊಡೆಯ ಮೇಲೆ ವೀಸಾದಲ್ಲಿ ಬಂದ ಬೀಗರು. ಆರು ತಿಂಗಳು ಇರುವವರು, ಅವಸರವಿಲ್ಲ. ನಡುವೆ ಹಾಡಲು ಅವಕಾಶ ಸಿಗದೆ ಮುನಿಸಿಕೊಂಡವರು. ಮಕ್ಕಳನ್ನು ಸಂದಿಗೊಂದಿಗೆ ತುರುಕಬಹುದು. ತುತ್ತತುದಿಯಲ್ಲಿ ಕಾರ್ಯಕಾರಿ ಸಮಿತಿ: ಅವರು ಒಮ್ಮೆ ಕೂತರೆ ಎರಡು ವರ್ಷ ಏಳುವವರಲ್ಲ, ಅಂಟು ಭದ್ರವಾಗಿ ಒಣಗುತ್ತದೆ. ಉಳಿದ ಐವತ್ತೈದು ಕೆಜಿಯ ಅಮ್ಮ ಮಾತ್ರ ಸಾಗರದಲ್ಲೂ ಇಲ್ಲ, ಮಿಷಿಗನ್ನಿನಲ್ಲೂ ಇಲ್ಲ. ಅವಳನ್ನು 1989ರ ಮದುವೆ ಆಲ್ಬಮ್ಮಿನಿಂದ ಇಳಿಸಿ ತರಬೇಕು.

ಒತ್ತಡ ಕಡಿಮೆಯಾದರೆ ಸಮಯ ಹೆಚ್ಚಿಸಬೇಕು ಅಂತ ಅಪ್ಪನೇ ಒಂದು ಸಿದ್ಧಾಂತ ಹೊರಡಿಸಿದರು. ಹಾಗಾಗಿ ಅರ್ಧ ಗಂಟೆಯ ಬದಲು ಪೂರಾ ಒಂದು ಗಂಟೆ ಕೂತೆವು. ಗಂಟೆಯಾಯಿತು. ಪುಟ್ಟಿ ಹಾರಿ ಓಡಿದಳು, ನಮ್ಮನೆಯವರು ಮೀಟಿಂಗಿನೊಂದಿಗೆ ನಡೆದರು, ಅಮ್ಮ ಮಂಡಿ ಹಿಡಿದು ಎದ್ದಳು. ಅಪ್ಪ ಅರ್ಧ ಎದ್ದರು. ಕೂತರು.

"ನಡೀರಿ ಅಪ್ಪ, ಒಳಗೆ ಬೆಚ್ಚಗಿದೆ."

"ಇರಲಿ. ಇಲ್ಲಿ ಗಾಳಿ ಚೆನ್ನಾಗಿದೆ."

ಗಾಳಿ ಹನ್ನೆರಡು ಡಿಗ್ರಿಯದು. ಹತ್ತು ನಿಮಿಷ ಬಿಟ್ಟು ಕಾಫಿ ಅಲ್ಲಿಗೇ ತರಿಸಿಕೊಂಡರು. ಆಮೇಲೆ ಪೇಪರು. ಸಾಗರಕ್ಕೆ ಫೋನು ಹಚ್ಚಿ, ಅಲ್ಲಿ ಇನ್ನೂ ಮೂರು ಗಂಟೆಯ ನಿದ್ದೆಯಲ್ಲಿದ್ದ ತಮ್ಮನನ್ನು ಎಬ್ಬಿಸಿ ಅಡಿಕೆ ಧಾರಣೆ ಕೇಳಿದರು. ಮುಕ್ಕಾಲು ಗಂಟೆ ಕಳೆಯಿತು. ನನಗೆ ಎದೆ ಧಸಕ್ಕೆಂದಿತು. ಕಾಲು ಜೋಮು ಹಿಡಿಯಿತೋ, ಏನಾದರೂ ಆಯಿತೋ? ಹತ್ತಿರ ಹೋದಾಗ ಅವರು ಬಹಳ ಮೆಲ್ಲಗೆ, ನಾನು ಚಿಕ್ಕವಳಾಗಿದ್ದಾಗ ಲೆಕ್ಕ ತಪ್ಪಾದರೆ ಹೇಗೆ ಹೇಳುತ್ತಿದ್ದೆನೋ ಹಾಗೆ, "ಪಂಚೆ ಬರ್ತಾ ಇಲ್ಲ ಕಣೇ" ಅಂದರು.

ಅವರ ಕೈಯಲ್ಲಿದ್ದ ಲೆಕ್ಕದ ಕಾಗದ ನೋಡಿದೆ. ಅದು ಬೇಕಿಂಗ್ ಪೇಪರ್. ನಾಲ್ಕನೆಯ ಹಾಳೆ.

ಬಿಸಿನೀರು ಹಾಕಿದರೆ ಈ ಅಂಟು ಈಗಲೂ ಮೆತ್ತಗಾಗುತ್ತದೆ, ನಾಳೆಗಾದರೆ ಕಷ್ಟ ಅಂತ ಹೇಳಿ ನಾನು ಕೆಟಲ್ ತರಲು ಹೊರಟೆ. ಅಪ್ಪ ನನ್ನ ಕೈ ಹಿಡಿದರು. "ಸಂದೂ ಮೆತ್ತಗಾಗಲ್ವಾ?" ಆಗಬಹುದು ಅಂದೆ. "ಹಾಗಾದ್ರೆ ನೀರು ಹಾಕ್ಬೇಡ. ಕತ್ತರಿ ತಗೊಂಡು ಬಾ. ಕೆಲಸ ಅಡ್ಡಿಲ್ಲ, ಗಟ್ಟಿಯಾಗಿದೆ." ಅಡ್ಡಿಲ್ಲ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ 97 ಬಂದಾಗ ಅವರು "ಮೂರು ಎಲ್ಲಿ ಹೋಯ್ತು?" ಅಂತ ಕೇಳಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. ಆದರೆ ಕತ್ತರಿ ತರುವಾಗ ಹಿಂದೆಯೇ ಅಮ್ಮನೂ ಬಂದಳು, ನಮ್ಮನೆಯವರೂ ಬಂದರು. "ಎಲ್ಲರೂ ಯಾಕೆ? ಒಳಗೆ ಹೋಗಿ" ಅಂತ ಅಪ್ಪ ಗದರಿದರು. ಯಾರೂ ಹೋಗಲಿಲ್ಲ. ಅಮ್ಮ ಅಂಗೈಯಗಲ ಬಟ್ಟೆ ಕತ್ತರಿಸಿದಳು, ಅಪ್ಪ ಎದ್ದರು, ಗಂಟು ಸಡಿಲಾಗಿದ್ದ ಪಂಚೆ ಜಾರಿತು. ಒಳಗೆ ಬೂದು ಬಣ್ಣದ ಥರ್ಮಲ್. ಫೆಬ್ರವರಿಯಲ್ಲಿ ಕೊಂಡದ್ದು, ಏಪ್ರಿಲ್‌ನಿಂದ ಕಾಣೆಯಾದದ್ದು, ವಾಷಿಂಗ್ ಮೆಷಿನ್ ನುಂಗಿತೆಂದು ನಮ್ಮನೆಯವರು ಮೆಕ್ಯಾನಿಕ್ಕನ್ನು ಕರೆಸಿ ಮೆಷಿನ್ ಬಿಚ್ಚಿಸಿದ್ದು ಇದಕ್ಕಾಗಿಯೇ.

ಅಪ್ಪ ಒಂದೂಮುಕ್ಕಾಲು ಗಂಟೆ ಆ ಚಳಿಯಲ್ಲಿ ಕೂತದ್ದು ಮಾನಕ್ಕೆ ಅಂಜಿಯಲ್ಲ, ಸಾಗರದ ಮಳೆಗೆ ಅಂಜಿ.

ನಮ್ಮನೆಯವರು, "ಸೈಜು ಸರಿ ಇದೆಯಾ ಮಾವ?" ಅಂತ ಮಾತ್ರ ಕೇಳಿದರು. ಅಮ್ಮ ಏನೂ ಕೇಳಲಿಲ್ಲ. ಶಾಂತಿಯ ದಿನ ತವರಿನವರು ಉಡಿಸಿದ ಪಂಚೆ ಅದು, ಅವಳ ಅಣ್ಣ ಕೊಟ್ಟದ್ದು. ಅದಕ್ಕಿಂತ ದೊಡ್ಡ ಸಿಟ್ಟು 64ರದ್ದು ಅಂತ ನನ್ನ ಅನುಮಾನ. ತೂತಾದ ಪಂಚೆಯನ್ನು ಈಗ ಸಂಡಿಗೆ ಇಡಲು ಹಿತ್ತಲಲ್ಲಿ ಹಾಸುತ್ತಾಳೆ, ತೂತಿನ ಜಾಗವೊಂದು ಬಿಟ್ಟು ಸುತ್ತ ಸಾಲಾಗಿ ಇಡುತ್ತಾಳೆ.

ಬೆಂಚಿನ ಮೇಲಿನ ತುಂಡನ್ನು ಉಳಿಯಿಂದ ಎಬ್ಬಿಸಿ, ಉಪ್ಪುಕಾಗದ ಹಾಕಿ ಉಜ್ಜೋಣವೆಂದು ಗುರುವಾರ ಕೂತೆ. ಒಂದು ಮೂಲೆ ಎದ್ದಿತು. ಕೆಂಪಂಚಿನ ನಾಲ್ಕು ಎಳೆ ಸಂದಿಯೊಳಗೇ ಇಳಿದುಹೋಗಿವೆ. ಅಕ್ಟೋಬರ್‌ನಲ್ಲಿ ಅವರ ವಿಮಾನ. ಚಳಿಗಾಲಕ್ಕೆ ಹಲಗೆ ಕುಗ್ಗುತ್ತದೆ, ಸಂದಿ ಬಿಡುತ್ತದೆ, ಆಗ ತಾನಾಗಿ ಬಂದೀತು ಅಂತ ಉಳಿ ಎತ್ತಿಟ್ಟೆ.

ನಿನ್ನೆ ರಾತ್ರಿ ಊಟಕ್ಕೆ ಸ್ನೇಹಿತರ ಸಂಸಾರ ಬಂದಿತ್ತು, ನಾಲ್ಕು ಜನ. ಅಪ್ಪ ಅವರನ್ನು ಸೋಫಾಕ್ಕೆ ಬಿಡಲೇ ಇಲ್ಲ. "ಇಲ್ಲಿ, ಇಲ್ಲಿ, ಒತ್ತಾಗಿ ಕೂರಿ" ಅಂತ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಕಿವಿಯಿಂದ ಪೆನ್ಸಿಲ್ಲು ಇಳಿಸಿ, ಸಂಕೋಚವಿಲ್ಲದೆ ಒಬ್ಬೊಬ್ಬರ ತೂಕ ಕೇಳಿ ಬರೆದುಕೊಂಡರು. "ಎರಡಾಯ್ತು. ಇನ್ನು ಮೂವತ್ತೊಂದು." ಆಮೇಲೆ ಆ ಬೇಕಿಂಗ್ ಪೇಪರನ್ನೇ ತೋರಿಸಿ ಲೆಕ್ಕವನ್ನು ಮೊದಲಿಂದ ವಿವರಿಸತೊಡಗಿದರು. ಶೇಷದ ಹತ್ತಿರ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಪುಟ್ಟಿ, ಆ ಅರವತ್ನಾಲ್ಕು ಹೊಡೆದು ಹಾಕ್ಬೇಕಂತೆ ಅಂತ ನಿನ್ನಜ್ಜಂಗೆ ಹೇಳು."

ಪುಟ್ಟಿ ಓಡಿಬಂದು, ನೆಂಟರ ಎದುರು, ಕನ್ನಡ ಶಾಲೆಯಲ್ಲಿ ಕಲಿಸಿದ ಹಾಗೆ ಕೈಕಟ್ಟಿ ನಿಂತು, ಸ್ಪಷ್ಟವಾಗಿ ಹೇಳಿದಳು:

"ಅಜ್ಜಾ, ಅಜ್ಜಿ ನಿಂಗೆ ಅರವತ್ನಾಲ್ಕು ಹೊಡೀತಾಳಂತೆ."